ಪೊರೆ ಬಿಡುತ್ತಿಲ್ಲ, ಹುಳು ಮುಟ್ಟುತ್ತಿಲ್ಲ: ಮರಿ ಬಿಯರ್ಡೆಡ್ ಡ್ರ್ಯಾಗನ್ ಸಾಕುವವರಿಗೆ

ನಿನ್ನೆಯವರೆಗೂ ಕ್ರಿಕೆಟ್ ಹುಳುಗಳ ಹಿಂದೆ ಬಿದ್ದು ಗಾಜಿನ ಪೆಟ್ಟಿಗೆ ತುಂಬ ಓಡಾಡುತ್ತಿದ್ದ ಮರಿ ಇವತ್ತು ಅಲ್ಲಾಡದೆ ಕೂತಿದೆ. ಮೈಗೆ ಬೂದಿ ಬಳಿದ ಹಾಗೆ ಕಾಣುತ್ತಿದೆ. ಹುಳು ಮೂಗಿನ ಮುಂದೆಯೇ ಹಾದು ಹೋದರೂ ತಿರುಗಿ ನೋಡುವುದಿಲ್ಲ. ನೀವು ಫೋನ್ ತೆಗೆದು ಹುಡುಕಲು ಶುರು ಮಾಡುತ್ತೀರಿ. ಅರ್ಧ ಗಂಟೆಯಲ್ಲಿ ಹತ್ತು ಕಾಯಿಲೆಗಳ ಹೆಸರು ಬಾಯಿಗೆ ಬಂದಿರುತ್ತದೆ. ನಾನೂ ಇದನ್ನೇ ಮಾಡಿದ್ದೆ.

ನಾವಿರುವುದು ಮೆಲ್ಬರ್ನ್‌ನಲ್ಲಿ. ಮಗಳು ಹಠ ಹಿಡಿದು ತರಿಸಿಕೊಂಡ ಮರಿ ಅದು. ತಾಮ್ರದ ಬಣ್ಣ, ಹಾಗಾಗಿ ಕೆಂಚ ಅಂತ ಹೆಸರಿಟ್ಟೆವು. ಬಿಯರ್ಡೆಡ್ ಡ್ರ್ಯಾಗನ್ ಈ ದೇಶದ್ದೇ ಪ್ರಾಣಿ. ಆಸ್ಟ್ರೇಲಿಯಾದ ಒಳನಾಡಿನ ಒಣ ಭೂಮಿ ಇದರ ತವರು. ನಮ್ಮೂರ ಬೇಲಿಯ ಮೇಲೆ ತಲೆ ಆಡಿಸುತ್ತಾ ಕೂರುವ ಓತಿಕ್ಯಾತ ಇದೆಯಲ್ಲ, ಅದರದೇ ಕುಟುಂಬ. ಇದೂ ಹಾಗೇ ತಲೆ ಆಡಿಸುತ್ತದೆ. ಸಿಟ್ಟು ಬಂದರೆ ಗಂಟಲ ಕೆಳಗಿನ ಚರ್ಮ ಉಬ್ಬಿ ಕಪ್ಪಾಗುತ್ತದೆ, ಅದೇ ಇದರ ಗಡ್ಡ. ಕಾಡಿನಿಂದ ಹಿಡಿದು ತರುವ ಹಾಗಿಲ್ಲ. ಪೆಟ್ಟಿಗೆಯಲ್ಲೇ ಹುಟ್ಟಿದ ಮರಿಯನ್ನು ಸಾಕಲೂ ಇಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ ಲೈಸೆನ್ಸ್ ಬೇಕು.

ಕೆಂಚ ಬಂದ ಮೂರನೇ ವಾರಕ್ಕೆ ಊಟ ಬಿಟ್ಟ. ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿಗೆ ಸುಮ್ನೆ ಹೇಳಿದೆ. ಅಜ್ಜಿ ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಲವತ್ತು ವರ್ಷ ರೇಷ್ಮೆ ಹುಳು ಮೇಯಿಸಿದವರು. ಅವರಿಗೆ ಡ್ರ್ಯಾಗನ್ ಅಂದರೆ ಏನೂ ಗೊತ್ತಿಲ್ಲ. ಆದರೂ ಥಟ್ಟನೆ ಹೇಳಿದರು: "ಹುಳ ಜ್ವರಕ್ಕೆ ಕುಂತಂಗೆ ಕಣ್ ಮಗಾ. ಪೊರೆ ಬಿಡೋವಾಗ ಯಾವ್ದು ತಿಂತೈತೆ? ಮನೆ ಬೆಚ್ಚಗೈತಾ ನೋಡು ಮೊದ್ಲು."

ರೇಷ್ಮೆ ಸಾಕುವವರು ಹುಳು ಪೊರೆ ಬಿಡುವ ಹೊತ್ತನ್ನು ಜ್ವರ ಅನ್ನುತ್ತಾರೆ. ಗೂಡು ಕಟ್ಟುವುದರೊಳಗೆ ನಾಲ್ಕು ಜ್ವರ. ಪ್ರತಿ ಸಲವೂ ಹುಳು ತಲೆ ಎತ್ತಿಕೊಂಡು ಕಲ್ಲಾಗಿ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆಗ ಅದನ್ನು ಕೆದಕಬಾರದು. ಮನೆಯ ಶಾಖ, ಗಾಳಿ, ತೇವ ಮಾತ್ರ ನೋಡಿಕೊಳ್ಳಬೇಕು. ಚಳಿಗಾಲದಲ್ಲಿ ಹುಳುಮನೆಯೊಳಗೆ ಇದ್ದಿಲ ಒಲೆ ಇಡುತ್ತಿದ್ದದ್ದು ನನಗೆ ನೆನಪಿದೆ. ಹುಳುವಿಗೂ ಹಲ್ಲಿ ಜಾತಿಗೂ ಎತ್ತಣಿಂದೆತ್ತ ಸಂಬಂಧ ಅನ್ನಬಹುದು. ಆದರೆ ಅಜ್ಜಿ ಹೇಳಿದ ಕ್ರಮವೇ ಸರಿಯಾಗಿತ್ತು. ಮರಿಯ ಮೈ ಮೇಲೆ ಕೈ ಹಾಕುವ ಮೊದಲು ಅದರ ಮನೆ ನೋಡಬೇಕು. ಈ ಲೇಖನವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಮೊದಲು ಶಾಖ ಅಳೆಯಿರಿ

ನಮಗೆ ಮೈ ಬಿಸಿ ಒಳಗಿನಿಂದ ಬರುತ್ತದೆ. ಇದಕ್ಕೆ ಹೊರಗಿನಿಂದ ಬರಬೇಕು. ಶಾಖ ಸಾಲದಿದ್ದರೆ ತಿಂದದ್ದು ಹೊಟ್ಟೆಯಲ್ಲಿ ಕರಗುವುದಿಲ್ಲ, ಕೊಳೆಯುತ್ತದೆ. ಕರಗದ ಹೊಟ್ಟೆಗೆ ಹಸಿವೂ ಆಗುವುದಿಲ್ಲ. ಹಳೆ ಚರ್ಮದ ಕೆಳಗೆ ಹೊಸ ಚರ್ಮ ಮೂಡುವುದೂ ನಿಧಾನವಾಗುತ್ತದೆ. ಊಟ ಬಿಟ್ಟಿದೆ, ಪೊರೆಯೂ ಸರಿಯಾಗಿ ಬಿಡುತ್ತಿಲ್ಲ ಅಂತ ನೀವು ಎರಡು ಸಮಸ್ಯೆ ಎಣಿಸುತ್ತಿರುತ್ತೀರಿ. ಬಹಳ ಸಲ ಅದು ಒಂದೇ ಸಮಸ್ಯೆ.

ಪೆಟ್ಟಿಗೆಯ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇರಬೇಕು. ಬಿಸಿ ತುದಿಯಲ್ಲಿ ಮರಿ ಮೈ ಕಾಯಿಸಿಕೊಳ್ಳುವ ಕಲ್ಲೋ ಕೊಂಬೆಯೋ ಇರುತ್ತದಲ್ಲ, ಅದರ ಮೇಲ್ಮೈ ಮರಿಗಳಿಗೆ ಸುಮಾರು 40ರಿಂದ 42 ಡಿಗ್ರಿ ಸೆಲ್ಸಿಯಸ್ ಇರಲಿ. ತಂಪು ತುದಿಯ ಗಾಳಿ 24ರಿಂದ 27 ಡಿಗ್ರಿ. ರಾತ್ರಿ 18ರಿಂದ 22ಕ್ಕೆ ಇಳಿದರೆ ತೊಂದರೆ ಇಲ್ಲ, ಇಳಿಯುವುದೇ ಒಳ್ಳೆಯದು. ಮೆಲ್ಬರ್ನ್‌ನ ಚಳಿಗಾಲದಲ್ಲಿ ಮನೆಯೊಳಗೇ ಅದಕ್ಕಿಂತ ಕೆಳಗೆ ಹೋಗುತ್ತದೆ. ಆಗ ಬೆಳಕು ಕೊಡದೆ ಬರೀ ಶಾಖ ಕೊಡುವ ಸೆರಾಮಿಕ್ ಹೀಟರ್ ಹಾಕಿ, ಅದಕ್ಕೆ ಥರ್ಮೋಸ್ಟಾಟ್ ಕಡ್ಡಾಯವಾಗಿ ಜೋಡಿಸಿ. ರಾತ್ರಿ ಕೆಂಪು ಬಲ್ಬ್ ಹಾಕಿದರೆ ಅದಕ್ಕೆ ಗೊತ್ತಾಗುವುದಿಲ್ಲ ಅನ್ನುವುದು ಸುಳ್ಳು. ಅದಕ್ಕೆ ಕೆಂಪೂ ಕಾಣುತ್ತದೆ, ನಿದ್ದೆ ಕೆಡುತ್ತದೆ.

ಈ ಅಂಕಿಗಳನ್ನು ಯಾವುದರಿಂದ ಅಳೆಯುತ್ತೀರಿ ಅನ್ನುವುದು ಅಂಕಿಗಿಂತ ಮುಖ್ಯ. ನಮಗೆ ಮರಿ ಮಾರಿದ ಅಂಗಡಿಯವರು ಗಾಜಿಗೆ ಅಂಟಿಸುವ ಗುಂಡನೆಯ ಮುಳ್ಳಿನ ಥರ್ಮಾಮೀಟರ್ ಕೊಟ್ಟಿದ್ದರು. ಅದು 40 ತೋರಿಸುತ್ತಿತ್ತು. ನಾನು ನೆಮ್ಮದಿಯಾಗಿದ್ದೆ. ಅಜ್ಜಿಯ ಮಾತು ಕೇಳಿ ಮಾರನೇ ದಿನ ಗನ್ ಥರ್ಮಾಮೀಟರ್ ತಂದು ಕಲ್ಲಿನ ಮೇಲೆ ಹಿಡಿದೆ. 31. ಅಷ್ಟು ದಿನ ಕೆಂಚ ತಣ್ಣನೆ ಹಂಚಿನ ಮೇಲಿನ ದೋಸೆಯ ಹಾಗೆ ಕೂತಿದ್ದ, ಬೇಯುವ ಪ್ರಶ್ನೆಯೇ ಇರಲಿಲ್ಲ. ಗಾಜಿಗೆ ಅಂಟಿಸಿದ ಮೀಟರ್ ತೋರಿಸುವುದು ಗಾಜಿನ ಶಾಖವನ್ನು, ಕಲ್ಲಿನದ್ದನ್ನಲ್ಲ. ಮೇಲ್ಮೈಗೆ ಗನ್ ಥರ್ಮಾಮೀಟರ್, ಗಾಳಿಗೆ ವೈರ್ ಇರುವ ಡಿಜಿಟಲ್ ಥರ್ಮಾಮೀಟರ್. ಎರಡೂ ಇರಲಿ. ದೀಪ ಹಾಕಿ ಒಂದೆರಡು ಗಂಟೆ ಕಳೆದ ಮೇಲೆ ಅಳೆಯಿರಿ. ಕಡಿಮೆ ಬಂದರೆ ಬಲ್ಬಿನ ವ್ಯಾಟ್ ಹೆಚ್ಚಿಸಿ ಅಥವಾ ಕಲ್ಲನ್ನು ಸ್ವಲ್ಪ ಎತ್ತರಿಸಿ. ಬಲ್ಬ್ ಮಾತ್ರ ಮರಿಗೆ ತಾಗುವ ಹಾಗೆ ಇರಬಾರದು. ಕೆಳಗಿನಿಂದ ಬಿಸಿಯಾಗುವ ಕರೆಂಟ್ ಕಲ್ಲುಗಳನ್ನು ಕೊಳ್ಳಲೇಬೇಡಿ. ಹೊಟ್ಟೆ ಸುಟ್ಟರೂ ಎದ್ದು ಹೋಗಬೇಕು ಅಂತ ಇವಕ್ಕೆ ಹೊಳೆಯುವುದಿಲ್ಲ.

ಈ ಪ್ರಾಣಿಯ ಬದುಕಿನಲ್ಲಿ ಶಾಖದ ಕೈವಾಡ ಎಷ್ಟು ಅನ್ನುವುದಕ್ಕೆ ಒಂದು ಮಾತು. ಮೊಟ್ಟೆಗಳು 32 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಮರಿಯಾದರೆ, ವಂಶವಾಹಿಯ ಪ್ರಕಾರ ಗಂಡಾಗಬೇಕಿದ್ದ ಮರಿಗಳು ಹೆಣ್ಣಾಗಿ ಹುಟ್ಟುತ್ತವೆ. ಕಾಡಿನಲ್ಲೂ ಹೀಗಾಗುತ್ತಿದೆ ಅಂತ ಆಸ್ಟ್ರೇಲಿಯಾದ ಸಂಶೋಧಕರು 2015ರಲ್ಲಿ ತೋರಿಸಿದರು. ಗಂಡು ಹೆಣ್ಣನ್ನೇ ಬದಲಿಸುವ ಶಾಖ ಹಸಿವನ್ನು ಬಿಟ್ಟೀತೇ?

ಆಮೇಲೆ ಬೆಳಕು

ಶಾಖದ ಬಲ್ಬ್ ಒಂದೇ ಸಾಲದು. ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಕೊಡುವ ಟ್ಯೂಬ್ ಬೇರೆಯೇ ಬೇಕು. ಅದಿಲ್ಲದಿದ್ದರೆ ಮೈಯಲ್ಲಿ ಡಿ3 ವಿಟಮಿನ್ ತಯಾರಾಗುವುದಿಲ್ಲ. ಡಿ3 ಇಲ್ಲದಿದ್ದರೆ ಎಷ್ಟು ಕ್ಯಾಲ್ಸಿಯಂ ತಿನ್ನಿಸಿದರೂ ಮೂಳೆಗೆ ಸೇರುವುದಿಲ್ಲ. ಮರಿ ಬೆಳೆಯುವ ವೇಗ ನೋಡಿ: ಹುಟ್ಟಿದಾಗ ಬಾಲ ಸೇರಿ ಸುಮಾರು 10 ಸೆಂಟಿಮೀಟರ್, ಒಂದು ವರ್ಷಕ್ಕೆಲ್ಲ ಅದರ ನಾಲ್ಕೈದು ಪಟ್ಟು. ಅಷ್ಟು ಮೂಳೆ ಎಲ್ಲಿಂದ ಬರಬೇಕು?

ಸುರುಳಿ ಬಲ್ಬ್ ಬೇಡ. ಅದರ ಕಿರಣ ಒಂದು ಸಣ್ಣ ಜಾಗಕ್ಕೆ ಮಾತ್ರ ಬೀಳುತ್ತದೆ. ಪೆಟ್ಟಿಗೆಯ ಅರ್ಧಕ್ಕಿಂತ ಉದ್ದ ಬರುವ ಟಿ5 ಟ್ಯೂಬ್ ತನ್ನಿ, ಮರುಭೂಮಿಯ ಪ್ರಾಣಿಗಳಿಗೆ ಅಂತ ಬರುವ 10 ಅಥವಾ 12 ಪರ್ಸೆಂಟ್ ಯುವಿಬಿಯದು. ಅದನ್ನು ಬಿಸಿ ತುದಿಯ ಕಡೆಗೇ ಹಾಕಿ. ಮರಿಯ ಬೆನ್ನಿಗೂ ಟ್ಯೂಬಿಗೂ ಎಷ್ಟು ದೂರ ಇರಬೇಕು ಅನ್ನುವುದು ಪ್ಯಾಕೆಟ್ ಮೇಲೆ ಇರುತ್ತದೆ. ಸಾಮಾನ್ಯವಾಗಿ 30 ಸೆಂಟಿಮೀಟರ್ ಆಸುಪಾಸು. ನಡುವೆ ಗಾಜಿದ್ದರೆ ಯುವಿಬಿ ದಾಟುವುದೇ ಇಲ್ಲ. ಹಾಗಾಗಿ ಕಿಟಕಿ ಪಕ್ಕ ಬಿಸಿಲಿಗೆ ಇಟ್ಟಿದ್ದೀವಿ ಅನ್ನುವುದರಿಂದ ಉಪಯೋಗವಿಲ್ಲ, ಅಪಾಯ ಮಾತ್ರ ಇದೆ. ಗಾಜಿನ ಪೆಟ್ಟಿಗೆ ಬಿಸಿಲಲ್ಲಿ ಕೆಲವೇ ನಿಮಿಷಕ್ಕೆ ಒಲೆಯಾಗುತ್ತದೆ. ಮೇಲಿನ ಜಾಲರಿಯೂ ಕಿರಣದಲ್ಲಿ ದೊಡ್ಡ ಪಾಲನ್ನೇ ತಿನ್ನುತ್ತದೆ, ಹಾಗಾಗಿ ಟ್ಯೂಬ್ ಒಳಗೇ ಕಟ್ಟಲು ಆದರೆ ಕಟ್ಟಿ. ಇನ್ನೊಂದು ಮೋಸ: ಟ್ಯೂಬ್ ಉರಿಯುತ್ತಲೇ ಇರುತ್ತದೆ, ಯುವಿಬಿ ಮಾತ್ರ ಮುಗಿದಿರುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ. ಹಾಕಿದ ತಾರೀಖನ್ನು ಟ್ಯೂಬಿನ ತುದಿಯಲ್ಲೇ ಬರೆದು, ಕಂಪನಿ ಹೇಳಿದಂತೆ 6ರಿಂದ 12 ತಿಂಗಳಿಗೆ ಬದಲಿಸಿ. ಎರಡೂ ದೀಪ ದಿನಕ್ಕೆ 12ರಿಂದ 14 ಗಂಟೆ ಉರಿಯಲಿ. ಟೈಮರ್ ಹಾಕಿಬಿಟ್ಟರೆ ಮರೆವಿನ ತಾಪತ್ರಯ ಇಲ್ಲ.

ತೇವ 30ರಿಂದ 40 ಪರ್ಸೆಂಟ್ ಇದ್ದರೆ ಸಾಕು. ಪೊರೆ ಸರಿಯಾಗಿ ಬಿಡುತ್ತಿಲ್ಲ ಅಂತ ಪೆಟ್ಟಿಗೆ ತುಂಬ ನೀರು ಚಿಮುಕಿಸುವವರಿದ್ದಾರೆ. ಒಣ ನಾಡಿನ ಪ್ರಾಣಿಯ ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ.

ಕೆಂಚನ ಬಲ್ಬ್ ಬದಲಿಸಿದ ಮೂರನೇ ದಿನಕ್ಕೆ ಆರು ಹುಳು ತಿಂದ. ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾಳೆ.

ಪೊರೆ ಬರುವ ಲಕ್ಷಣ

ಹಾವು ಕೋಟು ಬಿಚ್ಚಿದ ಹಾಗೆ ಒಂದೇ ಸಲಕ್ಕೆ ಪೊರೆ ಕಳಚುತ್ತದೆ. ಇದು ಹಾಗಲ್ಲ. ಹಳೆ ಗೋಡೆಯ ಸುಣ್ಣ ಎದ್ದ ಹಾಗೆ ಚಕ್ಕೆ ಚಕ್ಕೆಯಾಗಿ, ಇವತ್ತು ಬೆನ್ನು, ನಾಡಿದ್ದು ತಲೆ, ಆಮೇಲೆ ಕಾಲು. ಹೊಸದಾಗಿ ಸಾಕುವವರು ಇದನ್ನು ನೋಡಿ ಚರ್ಮದ ರೋಗ ಅಂದುಕೊಳ್ಳುತ್ತಾರೆ.

ಬೆಳೆಯುವ ಮೈಗೆ ಹಳೆ ಚರ್ಮ ಬಿಗಿಯಾಗುತ್ತದೆ, ಅದಕ್ಕೇ ಪೊರೆ. ಆರು ತಿಂಗಳ ಒಳಗಿನ ಮರಿ ಕೆಲವೇ ವಾರಕ್ಕೊಮ್ಮೆ ಬಿಡುತ್ತಿರುತ್ತದೆ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ವರ್ಷ ತುಂಬುವ ಹೊತ್ತಿಗೆ ಅಂತರ ಹೆಚ್ಚುತ್ತದೆ, ದೊಡ್ಡದಾದ ಮೇಲೆ ವರ್ಷಕ್ಕೆ ಕೆಲವು ಸಲ ಅಷ್ಟೇ. ಮೊದಲು ಬಣ್ಣ ಮಂಕಾಗುತ್ತದೆ. ಆಮೇಲೆ ಬಿಳಿ ಬೂದಿ ಬಣ್ಣ. ಕಣ್ಣನ್ನು ಗುಡ್ಡೆ ಹೊರಗೆ ಬರುವಂತೆ ಉಬ್ಬಿಸುವುದೂ ಉಂಟು. ಮೊದಲ ಸಲ ನೋಡಿದಾಗ ನಮ್ಮ ಮನೆಯಲ್ಲಿ ಕಿರುಚಾಟವೇ ಆಯಿತು. ಕಣ್ಣ ಸುತ್ತಲಿನ ಚರ್ಮ ಸಡಿಲಿಸಿಕೊಳ್ಳಲು ಅದು ಹಾಗೆ ಮಾಡುತ್ತದೆ, ಗಾಬರಿ ಬೇಡ. ಮೈ ಮುಟ್ಟಿದರೆ ಸಿಡುಕುತ್ತದೆ. ಊಟ ಅರ್ಧಕ್ಕೆ ಇಳಿಯುತ್ತದೆ, ಒಂದೆರಡು ದಿನ ಪೂರ್ತಿ ನಿಲ್ಲಲೂಬಹುದು.

ಈ ದಿನಗಳಲ್ಲಿ ನೀವು ಮಾಡಬೇಕಾದದ್ದು ಕಡಿಮೆ. ಉಜ್ಜಿಕೊಳ್ಳಲು ಒರಟು ಕಲ್ಲು, ಒಂದು ಕೊಂಬೆ ಇಡಿ. ಎತ್ತಿ ಆಡಿಸುವುದನ್ನು ನಿಲ್ಲಿಸಿ. ಅರ್ಧ ಎದ್ದ ಚಕ್ಕೆ ಜೋತಾಡುತ್ತಿದ್ದರೆ ಕೈ ತುರಿಸುತ್ತದೆ, ನಿಜ. ಗಾಯದ ಹಕ್ಕಳೆ ಕೀಳಬೇಕು ಅನ್ನಿಸುವ ಹಾಗೆ. ಕೀಳಬೇಡಿ. ಕೆಳಗಿನ ಚರ್ಮ ಇನ್ನೂ ಹಸಿಯಾಗಿರುತ್ತದೆ, ಕಿತ್ತರೆ ಗಾಯ, ಗಾಯದಿಂದ ಸೋಂಕು.

ಪೊರೆ ಸಿಕ್ಕಿಕೊಂಡರೆ

ಬೆನ್ನಿನ ಮೇಲೆ ಎರಡು ವಾರ ಚಕ್ಕೆ ಉಳಿದರೂ ಅಂಥ ನಷ್ಟವಿಲ್ಲ. ನೋಡಬೇಕಾದದ್ದು ತುದಿಗಳನ್ನು: ಕಾಲ್ಬೆರಳು, ಬಾಲದ ಕೊನೆ. ಅಲ್ಲಿ ಹಳೆ ಪೊರೆ ಉಂಗುರದ ಹಾಗೆ ಉಳಿದುಬಿಡುತ್ತದೆ. ಅದರ ಮೇಲೆ ಮುಂದಿನ ಪೊರೆಯೂ ಸೇರಿಕೊಳ್ಳುತ್ತದೆ. ಒಣಗಿ ಬಿಗಿದು ರಕ್ತ ಓಡಾಟ ನಿಲ್ಲಿಸುತ್ತದೆ, ಬೆರಳಿಗೆ ದಾರ ಬಿಗಿದ ಹಾಗೆ. ತುದಿ ಕಪ್ಪಾಗುತ್ತದೆ, ಸೊರಗುತ್ತದೆ, ಕೊನೆಗೆ ಉದುರುತ್ತದೆ. ಮನೆ ಹಲ್ಲಿಯ ಬಾಲದಂತೆ ಇದರ ಬಾಲ ಮತ್ತೆ ಬೆಳೆಯುವುದಿಲ್ಲ. ಕೆಂಚನ ಬಾಲ ಈಗಲೂ ಅರ್ಧ ಇಂಚು ಗಿಡ್ಡ. ಆ ತುದಿ ನಾನು ಗಮನಿಸದೆ ಹೋದದ್ದು.

ಪೊರೆ ಬಿಟ್ಟು ಮುಗಿದ ಮೇಲೆ ಪ್ರತಿ ಸಲ ಹದಿನೆಂಟು ಬೆರಳಿದ್ದರೂ ಇಪ್ಪತ್ತಿದ್ದರೂ ಒಂದೊಂದನ್ನೇ ಎಣಿಸಿ ನೋಡಿ. ಸಿಕ್ಕಿಕೊಂಡಿದ್ದರೆ ಸ್ನಾನ ಮಾಡಿಸಿ. ನಾವು ಮಾಡುವ ರೀತಿ ಇದು. ಬೆಳಿಗ್ಗೆ, ಮರಿ ಅರ್ಧ ಗಂಟೆ ಮೈ ಕಾಯಿಸಿಕೊಂಡ ಮೇಲೆ, ಅಗಲವಾದ ಪ್ಲಾಸ್ಟಿಕ್ ಡಬ್ಬಿಗೆ ಉಗುರುಬೆಚ್ಚಗಿನ ನೀರು ಹಾಕುತ್ತೇವೆ. ಥರ್ಮಾಮೀಟರ್ ಇಟ್ಟರೆ 30ರಿಂದ 33 ಡಿಗ್ರಿ. ನಮ್ಮ ಕೈಗೆ ಬೆಚ್ಚಗೆ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಆಳ ಅದರ ಮೊಣಕೈ ಮುಳುಗುವಷ್ಟು ಮಾತ್ರ. ತಳಕ್ಕೆ ಒಂದು ಬಟ್ಟೆ ಹಾಸಿದರೆ ಕಾಲು ಜಾರುವುದಿಲ್ಲ. ಹತ್ತರಿಂದ ಹದಿನೈದು ನಿಮಿಷ. ಒಂದು ಕ್ಷಣವೂ ಬಿಟ್ಟು ಏಳಬೇಡಿ. ಫೋನ್ ಬೇರೆ ರೂಮಿನಲ್ಲಿರಲಿ.

ನೆನೆದ ಮೇಲೆ ಮಗುವಿನ ಮೆತ್ತನೆ ಟೂತ್‌ಬ್ರಶ್‌ನಿಂದ ಆ ಜಾಗವನ್ನು ಬುಡದಿಂದ ತುದಿಯ ಕಡೆಗೆ ಹಗುರವಾಗಿ ತೀಡಿ. ಬಂದಷ್ಟು ಬರಲಿ. ಬಾರದ್ದನ್ನು ನಾಳೆಗೋ ನಾಡಿದ್ದಿಗೋ ಬಿಡಿ. ಕಣ್ಣು, ಮೂಗಿನ ಹೊಳ್ಳೆಯ ಹತ್ತಿರ ಬ್ರಶ್ ಒಯ್ಯಬೇಡಿ. ಅಲ್ಲಿ ಸಿಕ್ಕಿಕೊಂಡರೆ ಒದ್ದೆ ಹತ್ತಿ ಒತ್ತಿ ಹಿಡಿಯಬಹುದು ಅಷ್ಟೇ, ಬಿಡದಿದ್ದರೆ ವೈದ್ಯರ ಕೆಲಸ. ಮುಗಿದ ಮೇಲೆ ಒರಸಿ, ಬೆರಳ ಸಂದಿಯನ್ನೂ ಒರಸಿ, ನೇರ ಬಿಸಿ ಕಲ್ಲಿನ ಮೇಲೆ ಬಿಡಿ. ಸಂಜೆ ಸ್ನಾನ ಬೇಡ, ಒದ್ದೆ ಮೈಯಲ್ಲಿ ದೀಪ ಆರಿದರೆ ತಣ್ಣಗಾಗಿಬಿಡುತ್ತದೆ. ವಾರಕ್ಕೆ ಎರಡು ಮೂರು ಸಲಕ್ಕಿಂತ ಜಾಸ್ತಿಯೂ ಬೇಕಿಲ್ಲ.

ನಮ್ಮಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ "ಒಂಚೂರು ಕೊಬ್ಬರಿ ಎಣ್ಣೆ ಹಚ್ಚು" ಅಂದರು. ನಮ್ಮಲ್ಲಿ ಎಲ್ಲದಕ್ಕೂ ಅದೇ ಔಷಧಿ ಅಲ್ವಾ. ಇಲ್ಲಿ ಬೇಡ. ಎಣ್ಣೆ ಮೈಗೆ ಧೂಳು ಕಸ ಹಿಡಿಸುತ್ತದೆ, ಬಿಸಿ ಬಲ್ಬಿನ ಕೆಳಗೆ ಕೂರುವ ಪ್ರಾಣಿ ಬೇರೆ.

ಒಂದು ಎಚ್ಚರಿಕೆ. ಪೊರೆಯ ಹಾಗೆ ಕಂಡು ಪೊರೆಯಲ್ಲದ್ದು ಒಂದಿದೆ. ಹಳದಿ ಅಥವಾ ಕಂದು ಬಣ್ಣದ, ಹಕ್ಕಳೆ ಕಟ್ಟಿದ ಮಚ್ಚೆ. ಪೊರೆ ಬಿಟ್ಟರೂ ಹೋಗುವುದಿಲ್ಲ, ನಿಧಾನವಾಗಿ ಹರಡುತ್ತದೆ, ಕೆಲವೊಮ್ಮೆ ಕೆಳಗೆ ಹುಣ್ಣಾಗಿರುತ್ತದೆ. ಸಾಕುವವರು ಇದನ್ನು ಯೆಲ್ಲೋ ಫಂಗಸ್ ಅನ್ನುತ್ತಾರೆ. ನ್ಯಾನಿಜಿಯಾಪ್ಸಿಸ್ ಅನ್ನುವ ಶಿಲೀಂಧ್ರದ್ದು. ಆಳಕ್ಕೆ ಇಳಿದರೆ ಜೀವ ತೆಗೆಯುತ್ತದೆ, ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆ. ಇದನ್ನು ಬ್ರಶ್ಶಿನಿಂದ ಉಜ್ಜುತ್ತಾ ಕೂತರೆ ಕಾಲ ವ್ಯರ್ಥ.

ಈಗ ಊಟದ ವಿಚಾರ

ಶಾಖ, ಬೆಳಕು ಸರಿಯಿದೆ, ಪೊರೆಯೂ ಇಲ್ಲ, ಆದರೂ ತಿನ್ನುತ್ತಿಲ್ಲ. ಆಗ ಒಂದೊಂದಾಗಿ ಕೇಳಿಕೊಳ್ಳಿ.

ಹೊಸ ಮನೆಗೆ ಬಂದು ಎಷ್ಟು ದಿನ ಆಯಿತು? ಮೊದಲ ಒಂದೆರಡು ವಾರ ಹೆದರಿಕೆಯಲ್ಲೇ ಇರುತ್ತದೆ. ಇವುಗಳ ನೆತ್ತಿಯ ಮೇಲೆ ಬೆಳಕು ನೆರಳು ಗುರುತಿಸುವ ಒಂದು ಪುಟ್ಟ ಕಣ್ಣಿದೆ. ಶಿವನಿಗೆ ಮಾತ್ರ ಅಂದುಕೊಂಡಿದ್ದೆವು! ಮೇಲಿನಿಂದ ಕೈ ಇಳಿದರೆ ಹದ್ದು ಎರಗಿತು ಅಂತಲೇ ಅದರ ಲೆಕ್ಕ. ಕೈ ಪಕ್ಕದಿಂದ ಬರಲಿ. ಗಾಜಿನಲ್ಲಿ ತನ್ನದೇ ಬಿಂಬ ಕಂಡು ಇನ್ನೊಂದು ಇದೆ ಅಂತ ಕಂಗಾಲಾಗುವುದೂ ಇದೆ. ಎರಡು ಕಡೆಗೆ ಹೊರಗಿನಿಂದ ಕಾಗದ ಅಂಟಿಸಿ ನೋಡಿ.

ಜೊತೆಗೆ ಇನ್ನೊಂದು ಮರಿ ಇದೆಯೇ? ಬೇರೆ ಮಾಡಿ, ಇವತ್ತೇ. ಎರಡೂ ಒಂದರ ಮೇಲೊಂದು ಮಲಗಿರುವ ಫೋಟೋ ನೋಡಿ ಎಷ್ಟು ಪ್ರೀತಿ ಅನ್ನುತ್ತಾರೆ. ಪ್ರೀತಿ ಏನೂ ಅಲ್ಲ. ಮೇಲಿನದು ಬಿಸಿಯನ್ನೂ ಬೆಳಕನ್ನೂ ಕಿತ್ತುಕೊಳ್ಳುತ್ತಿದೆ. ಕೆಳಗಿನದು ದಿನೇ ದಿನೇ ಸಣ್ಣಗಾಗುತ್ತದೆ, ಬೆರಳು ಬಾಲ ಕಚ್ಚಿಸಿಕೊಳ್ಳುತ್ತದೆ.

ಹುಳು ದೊಡ್ಡದಾಯಿತೇ? ಮರಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಹುಳು ದೊಡ್ಡದಿರಬಾರದು. ತಳಕ್ಕೆ ಮರಳು ಹಾಸಿದ್ದೀರಾ? ಮರಿಗಳಿಗೆ ಮರಳು ಬೇಡ, ಕ್ಯಾಲ್ಸಿಯಂ ಮರಳು ಅಂತ ಮಾರುವುದೂ ಬೇಡ. ಹುಳುವಿನ ಜೊತೆ ನುಂಗಿ ಕರುಳು ಕಟ್ಟಿಕೊಳ್ಳುತ್ತದೆ. ಟಿಶ್ಯೂ ಕಾಗದ ಅಥವಾ ಟೈಲ್ಸ್ ಸಾಕು, ತೊಳೆಯಲೂ ಸುಲಭ. ಕಕ್ಕ ಮಾಡಿ ಎಷ್ಟು ದಿನ ಆಯಿತು ಅಂತಲೂ ನೆನಪಿಸಿಕೊಳ್ಳಿ.

ಚಳಿಗಾಲ ಅಂತ ನಿದ್ದೆಗೆ ಹೋಗಿರಬಹುದಾ? ದೊಡ್ಡವು ಜೂನ್, ಜುಲೈನಲ್ಲಿ ಇಲ್ಲಿ ವಾರಗಟ್ಟಲೆ ಮಲಗುತ್ತವೆ. ವರ್ಷ ತುಂಬದ ಮರಿ ಊಟ ಬಿಟ್ಟರೆ ಈ ಸಮಾಧಾನ ಹೇಳಿಕೊಳ್ಳಬೇಡಿ. ಮೈಯಲ್ಲಿ ಅಷ್ಟು ಕೊಬ್ಬು ಇರುವುದಿಲ್ಲ.

ಈಗ ತಿನ್ನಿಸುವ ಕ್ರಮ. ನಾಲ್ಕು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷದಲ್ಲಿ ಎಷ್ಟು ತಿನ್ನುತ್ತದೋ ಅಷ್ಟು ಹುಳು. ದೀಪ ಹಾಕಿ ಒಂದು ಗಂಟೆ ಮೈ ಕಾಯಲಿ, ಆಮೇಲೆ ಮೊದಲ ಊಟ. ಕೊನೆಯ ಊಟ ದೀಪ ಆರಿಸುವುದಕ್ಕೆ ಎರಡು ಗಂಟೆ ಮುಂಚೆ. ಉಳಿದ ಹುಳು ಆರಿಸಿ ತೆಗೆಯಿರಿ. ರಾತ್ರಿ ಮರಿ ಮಲಗಿದಾಗ ಕ್ರಿಕೆಟ್ ಹುಳು ಅದರ ಬೆರಳು, ಕಣ್ಣರೆಪ್ಪೆಯನ್ನೇ ಕಡಿಯುತ್ತವೆ. ಮರಿಯ ಊಟದಲ್ಲಿ ಮುಕ್ಕಾಲು ಪಾಲು ಹುಳು, ಕಾಲು ಪಾಲು ಸೊಪ್ಪು. ದೊಡ್ಡದಾದಂತೆ ಈ ಲೆಕ್ಕ ತಿರುಗಿಬಿಡುತ್ತದೆ. ಈಗ ಸೊಪ್ಪು ತಿನ್ನದಿದ್ದರೂ ದಿನಾ ಬೆಳಿಗ್ಗೆ ಸಣ್ಣಗೆ ಹೆಚ್ಚಿ ಇಡಿ, ಕಣ್ಣಿಗೆ ಬಿದ್ದು ಅಭ್ಯಾಸವಾಗಲಿ.

ಯಾವ ಹುಳು? ಕ್ರಿಕೆಟ್ ಎಲ್ಲ ಕಡೆ ಸಿಗುತ್ತದೆ. ಅಮೆರಿಕದ ಕನ್ನಡಿಗರು ಡೂಬಿಯಾ ಜಿರಲೆ ತಿನ್ನಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಅದಕ್ಕೆ ಅನುಮತಿ ಇಲ್ಲ, ಅದರ ಬದಲು ವುಡಿ ಅನ್ನುವ ಜಿರಲೆ. ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳುವಿನಲ್ಲಿ ಕ್ಯಾಲ್ಸಿಯಂ ತಾನಾಗಿಯೇ ಜಾಸ್ತಿ. ಇನ್ನು ಊಟ ಬಿಟ್ಟ ಮರಿಗೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ರೇಷ್ಮೆ ಹುಳು. ಮೆತ್ತಗಿರುತ್ತದೆ, ನೀರಿನಂಶ ಜಾಸ್ತಿ, ನಿಧಾನವಾಗಿ ತೆವಳುವುದರಿಂದ ಸುಸ್ತಾದ ಮರಿಗೂ ಸಿಗುತ್ತದೆ. ಇಲ್ಲಿ ವಸಂತ ಬಂತೆಂದರೆ ಮಕ್ಕಳು ಶೂ ಡಬ್ಬಿಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ಹಿಪ್ಪುನೇರಳೆ ಮರಗಳೂ ಬೀದಿಯಲ್ಲಿವೆ. ಅಜ್ಜಿಗೆ ಇದನ್ನು ಹೇಳಿದಾಗ ಐದು ಸೆಕೆಂಡು ಮಾತೇ ಇಲ್ಲ. ಆಮೇಲೆ, "ರೇಷ್ಮೆ ಹುಳಾನಾ? ಓತಿಕ್ಯಾತಕ್ಕಾ?" ಅಂತ ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ.

ಕ್ರಿಕೆಟ್, ಜಿರಲೆಗಳಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಅದಕ್ಕೇ ತಿನ್ನಿಸುವ ಮುಂಚೆ ಕವರಿನಲ್ಲಿ ಹಾಕಿ ಕ್ಯಾಲ್ಸಿಯಂ ಪುಡಿ ಲೇಪಿಸಬೇಕು. ಜ್ವರಕ್ಕೆ ಕೂತ ಹುಳುವಿನ ಮೇಲೆ ಅಜ್ಜಿ ಸುಣ್ಣದ ಪುಡಿ ಉದುರಿಸುತ್ತಿದ್ದದ್ದು ನನಗೆ ಪ್ರತಿ ಸಲ ನೆನಪಾಗುತ್ತದೆ, ಕಾರಣ ಬೇರೆಯಾದರೂ. ಯುವಿಬಿ ಸರಿಯಿದ್ದರೆ ಬಹುತೇಕ ಊಟಕ್ಕೆ ಡಿ3 ಇಲ್ಲದ ಪುಡಿ, ವಾರಕ್ಕೆ ಒಂದೆರಡು ಸಲ ಮಲ್ಟಿವಿಟಮಿನ್. ಹುಳುಗಳಿಗೂ ಹಿಂದಿನ ದಿನ ಕ್ಯಾರೆಟ್, ಸೊಪ್ಪು ತಿನ್ನಿಸಿ ಇಡಿ. ಹಸಿದ ಹುಳು ಬರೀ ಹೊಟ್ಟು.

ಸೊಪ್ಪಿನಲ್ಲಿ ಸಾಸಿವೆ ಸೊಪ್ಪು, ಬೊಕ್ ಚೊಯ್, ಡ್ಯಾಂಡೆಲಿಯನ್ ಎಲೆ ಒಳ್ಳೆಯದು. ಸಿಹಿಗುಂಬಳ ತುರಿದು ಹಾಕಿ, ದಾಸವಾಳದ ಹೂವು ಹಾಕಿದರೆ ಓಡಿ ಬರುತ್ತದೆ. ನಮ್ಮ ಮನೆಗಳಲ್ಲಿ ಸದಾ ಇರುವ ಪಾಲಕ್, ದಂಟು ದಿನಾ ಬೇಡ. ಅದರ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಬೆಣ್ಣೆ ಹಣ್ಣು ವಿಷ. ಈರುಳ್ಳಿ, ಬೆಳ್ಳುಳ್ಳಿಯೂ ಬೇಡ. ತೋಟದಲ್ಲಿ ಹಿಡಿದ ಹುಳುವಿನಲ್ಲಿ ಕೀಟನಾಶಕ ಇರಬಹುದು. ಮಿಂಚುಹುಳು ಒಂದೇ ಒಂದು ತಿಂದರೂ ಸಾಯಬಹುದು, ಇದು ಉತ್ಪ್ರೇಕ್ಷೆಯ ಮಾತಲ್ಲ.

ನಿಂತ ನೀರನ್ನು ಇವು ನೀರು ಅಂತ ಗುರುತಿಸುವುದೇ ಕಮ್ಮಿ. ಮೂತಿಯ ಮೇಲೆ ಡ್ರಾಪರಿನಿಂದ ಒಂದೊಂದೇ ಹನಿ ಬಿಡಿ, ನೆಕ್ಕುತ್ತದೆ. ಕಕ್ಕದ ಜೊತೆ ಬರುವ ಬಿಳಿ ಭಾಗ ಮೆತ್ತಗೆ ಬೆಳ್ಳಗಿದ್ದರೆ ನೀರು ಸಾಕಾಗಿದೆ. ಹಳದಿಯಾಗಿ ಗಟ್ಟಿಯಾಗಿದ್ದರೆ ಸಾಲದು.

ಬಾಯಿ ಬಿಡಿಸಿ ತುರುಕಲು ಹೋಗಬೇಡಿ. ಕ್ಯಾಲ್ಸಿಯಂ ಕೊರತೆ ಇದ್ದರೆ ದವಡೆ ಮುರಿಯಬಹುದು, ಆಹಾರ ಶ್ವಾಸನಾಳಕ್ಕೆ ಹೋಗಬಹುದು.

ತೂಕ, ಮತ್ತು ವೈದ್ಯರು

ಕಣ್ಣಂದಾಜು ನಂಬಬೇಡಿ. ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಒಂದು ಇದಕ್ಕಾಗಿಯೇ ಇರಲಿ. ವಾರಕ್ಕೊಮ್ಮೆ, ಊಟಕ್ಕೆ ಮುಂಚೆ ತೂಗಿ ಬರೆದಿಡಿ. ಮರಿ ಏರುತ್ತಲೇ ಇರಬೇಕು. ಪೊರೆಯ ವಾರದಲ್ಲಿ ನಿಂತರೆ ಪರವಾಗಿಲ್ಲ. ಇದ್ದ ತೂಕದಲ್ಲಿ ಹತ್ತರಲ್ಲೊಂದು ಪಾಲು ಕರಗಿದರೆ ಕಾಯಬೇಡಿ. ನಾಲ್ಕು ತಿಂಗಳ ಒಳಗಿನದು ಎರಡು ಮೂರು ದಿನ ಏನೂ ಮುಟ್ಟದೆ ಮಂಕಾಗಿದ್ದರೂ ಅಷ್ಟೇ.

ಕಾಲು, ಬೆರಳು ತಾನಾಗಿ ನಡುಗುವುದು, ದವಡೆ ರಬ್ಬರಿನಂತೆ ಮೆತ್ತಗಾಗುವುದು, ಕಾಲು ಸೊಟ್ಟಗಾಗುವುದು ಮೂಳೆ ರೋಗದ ಗುರುತು. ಹಿಂಗಾಲು ಎಳೆಯುತ್ತಿದ್ದರೆ ಕರುಳು ಕಟ್ಟಿರಬಹುದು ಅಥವಾ ಬೆನ್ನಿಗೆ ಪೆಟ್ಟು. ಕಕ್ಕ ನೀರಾಗಿ, ಎಂದಿಲ್ಲದ ದುರ್ವಾಸನೆ ಬಂದರೆ ಹೊಟ್ಟೆಯಲ್ಲಿ ಪರಾವಲಂಬಿ ಇರಬಹುದು. ಮರಿಗಳಲ್ಲಿ ಕಾಕ್ಸಿಡಿಯಾ ಬಹಳ ಸಾಮಾನ್ಯ. ತಿಂದರೂ ಬೆಳೆಯದ ಮರಿಗೆ ಈ ಪರೀಕ್ಷೆ ಮೊದಲು ಆಗಬೇಕು. ತಲೆ ತಾನಾಗಿ ಮೇಲಕ್ಕೆ ತಿರುಚಿಕೊಂಡರೆ, ಬಾಯಿ ಮುಚ್ಚದೆ ಉಸಿರು ಎಳೆದರೆ, ಬಾಲದ ತುದಿ ಕಪ್ಪಾಗುತ್ತಾ ಮೇಲೇರಿದರೆ ಅದೇ ದಿನ ಹೊರಡಿ. ಬಿಸಿಯಲ್ಲಿ ಕೂತು ಸ್ವಲ್ಪ ಬಾಯಿ ತೆರೆದಿರುವುದು ಬೇರೆ, ಅದು ಸೆಖೆ ಕಳೆಯುವ ರೀತಿ.

ನಾಯಿ ಬೆಕ್ಕು ನೋಡುವ ಎಲ್ಲರೂ ಇವನ್ನು ನೋಡುವುದಿಲ್ಲ. ಸರೀಸೃಪ ನೋಡುವ ವೈದ್ಯರ ನಂಬರನ್ನು ಮರಿ ತರುವ ಮೊದಲೇ ಹುಡುಕಿ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಸಾಕುವವರಿಗಂತೂ ಇದು ಇನ್ನೂ ಮುಖ್ಯ. ಅಲ್ಲಿ ಮರಿಯ ಕಾಗದಪತ್ರ, ನೋಂದಣಿಯ ವಿಷಯವನ್ನೂ ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಕರಾವಳಿಯವರಿಗೆ ಮಳೆಗಾಲದ ತೇವವೇ ದೊಡ್ಡ ತಲೆನೋವು. ಪೆಟ್ಟಿಗೆಗೆ ಗಾಳಿಕಿಂಡಿ ಜಾಸ್ತಿ ಮಾಡಿ, ನೀರಿನ ಬಟ್ಟಲು ಹೊರಗಿಡಿ, ಮೂಗಿಗೆ ಹನಿ ಹಾಕುವುದೊಂದೇ ಸಾಕು.

ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆರೋಗ್ಯವಾಗಿರುವ ಮರಿಯ ಮೈಯಲ್ಲೂ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದ ಒಳಗಿನ ಮಕ್ಕಳು ಮುಟ್ಟದಿದ್ದರೆ ಒಳ್ಳೆಯದು. ಸ್ನಾನದ ಡಬ್ಬಿಯನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ.

ವೈದ್ಯರ ಹತ್ತಿರ ಹೊರಡುವಾಗ ಬರೀ ಮರಿಯನ್ನು ಒಯ್ದರೆ ಅರ್ಧ ಕೆಲಸ. ಆ ದಿನದ ತಾಜಾ ಕಕ್ಕವನ್ನು ಜಿಪ್ ಕವರಿನಲ್ಲಿ ಹಾಕಿ ಒಯ್ಯಿರಿ. ಪೆಟ್ಟಿಗೆಯ ಫೋಟೋ, ದೀಪಗಳ ಡಬ್ಬಿಯ ಫೋಟೋ, ಬಿಸಿ ತುದಿ ತಂಪು ತುದಿಯ ಅಂಕಿ, ತೂಕದ ಪುಸ್ತಕ ಇರಲಿ. ಮರಿಯನ್ನು ಟವೆಲ್ ಹಾಸಿದ ಸಣ್ಣ ಡಬ್ಬಿಯಲ್ಲಿ ಕೂರಿಸಿ, ಚಳಿಯಿದ್ದರೆ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡಿ. ಕಾರಿನಲ್ಲಿ ಹೀಟರ್ ಮೊದಲೇ ಹಾಕಿ.